ಅಚ್ಚೇ ಇಲ್ಲದ ಅಚ್ಚಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ತ್ರೀಡಿ ಪ್ರಿಂಟಿಂಗ್‌ಗೆ ಕನ್ನಡದಲ್ಲಿ ಏನನ್ನೋಣ ಅಂತ ಒಂದೇ ಒಂದು ಪದ ಕೇಳೋಣ ಅಂತ ಶುರು ಮಾಡಿದೆ. ಬರೀತಾ ಬರೀತಾ ಅದು ನಾಲ್ಕೈದು ಪದಕ್ಕೆ ಬೆಳೆಯಿತು.

ನಾನು ಕೊಪ್ಪಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಹುಡುಗರು ಕೈಯಾರೆ ಮಾಡಿ ಕಲಿಯುವ ಜಾಗ. ತ್ರೀಡಿ ಪ್ರಿಂಟರ್, ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಸಣ್ಣ ಮೋಟರುಗಳು, ಎಲ್‌ಇಡಿ ಎಲ್ಲ ಇವೆ. ಕನ್ನಡದ ಪಾಠದ ಹಾಳೆ ಮಾತ್ರ ಇಲ್ಲ. ಒಂಬತ್ತನೇ ಕ್ಲಾಸಿಗೆ ಎಂಟು ಪುಟ ಬರೆಯಲು ನಾನೇ ಕೂತೆ.

ತ್ರೀಡಿ ಪ್ರಿಂಟಿಂಗ್‌ಗೆ ಮೊದಲು 'ಮೂರು ಆಯಾಮದ ಮುದ್ರಣ' ಅಂತ ಬರೆದೆ. ಮದುವೆ ಕಾರ್ಡಿನ ಅಂಗಡಿ ಬೋರ್ಡು ಓದಿದ ಹಾಗಾಯಿತು. ಹೊಡೆದುಹಾಕಿ 'ಮೂರು ಆಯಾಮದ ಅಚ್ಚು' ಅಂದೆ. ಚಿಕ್ಕ ಪದ, ನಮ್ಮ ಪದ ಅಂತ ಖುಷಿಯಾಯಿತು. ಆ ಖುಷಿ ಮರುದಿನ ಲ್ಯಾಬಿನಲ್ಲೇ ಇಳಿಯಿತು.

ಅವತ್ತು ಪ್ರಿಂಟರಿನಲ್ಲಿ ಒಂದು ಗೇರ್ ತಯಾರಾಗುತ್ತಿತ್ತು. 1.75 ಮಿ.ಮೀ. ದಪ್ಪದ ಪ್ಲಾಸ್ಟಿಕ್ ದಾರ ಸುಮಾರು 200 ಡಿಗ್ರಿ ಬಿಸಿಯಿರುವ ಮೂತಿಗೆ ಹೋಗಿ ಕರಗುತ್ತದೆ. 0.4 ಮಿ.ಮೀ. ತೂತಿನಿಂದ ಎಳೆಯಾಗಿ ಇಳಿಯುತ್ತದೆ, ಶಾವಿಗೆ ಒತ್ತಿದ ಹಾಗೆ. ಒಂದು ಪದರ ಮುಗಿದರೆ ಮೂತಿ 0.2 ಮಿ.ಮೀ. ಮೇಲೇರಿ ಅದರ ಮೇಲೆ ಇನ್ನೊಂದು ಪದರ ಹಾಕುತ್ತದೆ. ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಒಬ್ಬಳು ಮಾತ್ರ ಬಗ್ಗಿ ತಟ್ಟೆಯ ಕೆಳಗೆ ಹುಡುಕಿದಳು.

"ಸರ, ಅಚ್ಚು ಎಲ್ಲೈತ್ರಿ?"

ಅವರ ಮನೆಯಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡಿ ಮಾರುತ್ತಾರೆ. ಮರದ ಅಚ್ಚು, ಎರಡು ಹೋಳು. ನೀರಲ್ಲಿ ನೆನೆಸಿ, ಜೋಡಿಸಿ, ದಾರ ಬಿಗಿದು, ಬಿಸಿ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಒಳಗೆ ಆನೆ, ನವಿಲು, ತೇರು. ಆಕಾರವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದು ಅಚ್ಚು, ಅಷ್ಟೇ. ಈ ಮಷಿನ್ನಿನ ದೊಡ್ಡಸ್ತಿಕೆಯೇ ಅಚ್ಚು ಬೇಡ ಅನ್ನುವುದು. ಅದಕ್ಕೆ ನಾನು 'ಅಚ್ಚು' ಅಂತ ಹೆಸರಿಟ್ಟು ಕೂತಿದ್ದೆ!

ಇಂಗ್ಲಿಷಿನವರೂ ಇಲ್ಲಿ ಅಷ್ಟೇನೂ ಜಾಣರಲ್ಲ. 1984ರಲ್ಲಿ ಅಮೆರಿಕದ ಚಕ್ ಹಲ್ ಇದರ ಮೊದಲ ಬಗೆಗಳಲ್ಲೊಂದಕ್ಕೆ ಪೇಟೆಂಟ್ ಕೇಳಿದಾಗ ಇಟ್ಟ ಹೆಸರು ಸ್ಟೀರಿಯೊಲಿಥೋಗ್ರಫಿ. ಲಿಥೋಗ್ರಫಿ ಅಂದರೆ ನಮ್ಮ ಕಲ್ಲಚ್ಚು, ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತುವುದು. ಅಲ್ಲೂ ಹೆಸರಿನಲ್ಲಿ ಅಚ್ಚೇ ಬಂತು. ಕಲ್ಲಚ್ಚಿನಲ್ಲಿ 1843ರಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಮರುವರ್ಷ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡು ಅಚ್ಚಾಗಿದ್ದು ನಮ್ಮ ಬಳ್ಳಾರಿಯಲ್ಲೇ. ಸುಮ್ನೆ ನೆನಪಾಯಿತು, ಹೇಳಿದೆ.

ಹೆಸರು ಬಿಟ್ಟು ಕೆಲಸದ ಕಡೆ ನೋಡಿದರೆ ಕನ್ನಡದಲ್ಲಿ ಕ್ರಿಯಾಪದಗಳು ಸಾಲಾಗಿ ನಿಂತಿವೆ. ಇದ್ದದ್ದನ್ನು ತೆಗೆದು ಆಕಾರ ಮಾಡಿದರೆ ಕೆತ್ತು. ಇಲ್ಲದ ಕಡೆ ಸೇರಿಸುತ್ತ ಹೋದರೆ ಮೆತ್ತು. ಕರಗಿಸಿ ಅಚ್ಚಿಗೆ ಹೊಯ್ದರೆ ಎರೆ. ವಸ್ತುವನ್ನೇ ತಿರುಗಿಸಿ ಉಳಿ ಹಿಡಿದರೆ ಕಡೆ. ಇಟಗಿಯ ಮಹಾದೇವ ದೇವಾಲಯದಲ್ಲಿ, 1112ರದು ಅದು, ಕನ್ನಡಿ ಹಾಗೆ ಹೊಳೆಯುವ ಕಂಬಗಳಿವೆಯಲ್ಲ, ಅವು ಕಡೆದ ಕಂಬಗಳು. ಇವತ್ತು ಲೇತ್ ಮಷಿನ್ ಮಾಡುವುದೂ ಅದನ್ನೇ. ಮಿಲ್ಲಿಂಗ್ ಮಷಿನ್ನಿನಲ್ಲಿ ತಿರುಗುವುದು ಉಳಿ, ಹಾಗಾಗಿ ಅದು ಕೆತ್ತು. ಹಾಳೆಯಲ್ಲಿ 'ಕೆತ್ತುವ ತಯಾರಿಕೆ, ಮೆತ್ತುವ ತಯಾರಿಕೆ' ಅಂತ ಬರೆದಿದ್ದೇನೆ. ಕಿನ್ನಾಳದ ಗೊಂಬೆ ಉದಾಹರಣೆ ಕೊಟ್ಟೆ. ಅಲ್ಲಿ ಹಗುರ ಮರವನ್ನು ಕೆತ್ತುತ್ತಾರೆ. ಸೆಣಬಿನ ಪುಡಿಗೆ ಹುಣಸೆ ಬೀಜದ ಅಂಟು ಕಲಸಿದ 'ಕಿಟ್ಟ' ಮೆತ್ತಿ ಕೈಕಾಲು ಕೂಡಿಸುತ್ತಾರೆ. ಒಂದೇ ಗೊಂಬೆಯಲ್ಲಿ ಎರಡೂ ಪಾಠ.

ಆದರೆ ಸ್ಟಾಫ್ ರೂಮಿನಲ್ಲಿ ಓದಿ ತೋರಿಸಿದಾಗ ಕನ್ನಡ ಮೇಡಂ ನಕ್ಕುಬಿಟ್ಟರು. "ಸರ, ಗ್ವಾಡಿಗೆ ಸಗಣಿ ಮೆತ್ತಿದಂಗಾತಲ್ರಿ." ಅದೂ ನಿಜ. 'ತಪ್ಪೆಲ್ಲ ನನ್ನ ಮೇಲೆ ಮೆತ್ತಿದ' ಅಂತಲೂ ಅಂತೀವಿ, ಅಲ್ವಾ? ಅವರ ಸಲಹೆ 'ಏರಿಸು'. ಮಣ್ಣಿನ ಗೋಡೆಯನ್ನು ಒಂದೊಂದೇ ವರಸೆ ಏರಿಸುತ್ತಾರಲ್ಲ, ಹಾಗೆ. ನನಗೆ ಈಗಲೂ ಮೆತ್ತು ಕಡೆಗೇ ಮನಸ್ಸು. ಕೆತ್ತು, ಮೆತ್ತು ಅಂತ ಜೋಡಿ ಹೇಳಿದರೆ ಹುಡುಗರು ಮರೆಯಲ್ಲ.

ಇದೇ ಗೊಂದಲ ಸರ್ಕಿಟ್ ಬೋರ್ಡಿನಲ್ಲೂ ಇದೆ. ಅದಕ್ಕೆ ಪಿಸಿಬಿ, ಅಂದರೆ ಪ್ರಿಂಟೆಡ್ ಸರ್ಕಿಟ್ ಬೋರ್ಡ್ ಅಂತಾರೆ. ಅಲ್ಲೂ ಮೊದಲ ಪದವೇ 'ಪ್ರಿಂಟೆಡ್'. ಲ್ಯಾಬಿನಲ್ಲಿ ಮಾಡುವಾಗ ತಾಮ್ರ ಹೊದಿಸಿದ ಬೋರ್ಡಿನ ಮೇಲೆ ಮಾರ್ಕರಿನಿಂದ ಗೆರೆ ಬರೆಯುತ್ತೇವೆ. ಫೆರಿಕ್ ಕ್ಲೋರೈಡ್ ನೀರಿನಲ್ಲಿ ಅದ್ದುತ್ತೇವೆ. ಗೆರೆ ಮುಚ್ಚದ ತಾಮ್ರವನ್ನೆಲ್ಲ ಅದು ತಿಂದುಬಿಡುತ್ತದೆ. ಉಳಿದ ಗೆರೆಯೇ ತಂತಿ. ಇದು ಕೆತ್ತುವ ಜಾತಿಯ ಕೆಲಸ, ಆದರೆ ಉಳಿ ಇಲ್ಲ. 'ತಿನ್ನಿಸು' ಅಂದರೆ ಹೇಗೆ? 'ಮುದ್ರಿತ ಮಂಡಲ ಫಲಕ' ಅಂತ ಮಾತ್ರ ನಾನು ಬರೆಯಲಾರೆ. ಪಿಸಿಬಿ ಅಂತಲೇ ಇರಲಿ. ಗೇರ್, ಕ್ಯಾಮ್ ಕೂಡ ಹಾಗೇ ಬಿಟ್ಟೆ. ವಿದ್ಯುತ್ತನ್ನು ಸ್ವಲ್ಪ ಹಿಡಿದಿಡುವ ಕೆಪಾಸಿಟರಿಗೆ ಪುಸ್ತಕದಲ್ಲಿ 'ಧಾರಕ' ಇದೆ, ಫ್ಯಾನ್ ರಿಪೇರಿ ಅಂಗಡಿಯಲ್ಲಿ 'ಕಂಡೆನ್ಸರ್'. ಇಟಲಿಯ ವಿಜ್ಞಾನಿ ವೋಲ್ಟಾ 1782ರಲ್ಲಿ ಇಟ್ಟ ಹೆಸರೂ ಕಂಡೆನ್ಸರ್ ಅಂತಲೇ. ಅಂಗಡಿಯವರನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಇನ್ನು ಅಚ್ಚಿನ ಮೂರನೇ ಕಾಟ. ಸರಳ ಯಂತ್ರಗಳ ಪುಟದಲ್ಲಿ 'ಚಕ್ರ ಮತ್ತು ಅಚ್ಚು' ಬರುತ್ತದೆ. ಅಲ್ಲಿ ಅಚ್ಚು ಅಂದರೆ ಗಾಲಿ ತಿರುಗುವ ದಂಡ. ಹಾಗಾದರೆ ಒಂದೇ ಹಾಳೆಯಲ್ಲಿ ಬಂಡಿಯ ಅಚ್ಚು, ಸಕ್ಕರೆ ಗೊಂಬೆಯ ಅಚ್ಚು, ಕಾಗದದ ಅಚ್ಚು ಮೂರೂ ಬಂದಂತಾಯಿತು. ಒಬ್ಬ ಹುಡುಗ "ತುಂಗಭದ್ರಾ ಅಚ್ಚುಕಟ್ಟು ಅಂತಾರಲ್ರಿ, ಅದು ಯಾವ ಅಚ್ಚು ಸರ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲುವೆ ನೀರು ಹರಿಯುವ ಭೂಮಿಗೂ, ಓರಣಕ್ಕೂ ಒಂದೇ ಪದ ಹೇಗಾಯಿತು, ಬಲ್ಲವರು ತಿಳಿಸಿ.

ಬಂಡಿಯ ದಂಡಕ್ಕೆ ನನ್ನ ಮನಸ್ಸಿನಲ್ಲಿರುವುದು 'ಇರಸು'. ನಿಘಂಟಿನಲ್ಲಿದೆ. ಬಳ್ಳಾರಿ ಕಡೆ ತೆಲುಗು ಮನೆಮಾತಿನವರು 'ಇರುಸು' ಅಂದರೆ ತಟ್ಟನೆ ತಿಳಿದುಕೊಳ್ಳುತ್ತಾರೆ. ನಿಮ್ಮೂರಲ್ಲಿ ಈ ಪದ ಇನ್ನೂ ಬಾಯಲ್ಲಿದೆಯೇ? ಇದ್ದರೆ ಬಂಡಿಗೆ ಮಾತ್ರವೋ, ಟ್ರ್ಯಾಕ್ಟರ್ ಟ್ರೇಲರಿಗೂ ಹೇಳುತ್ತಾರೋ? ಸೋಮವಾರ ಹಾಳೆ ಜೆರಾಕ್ಸಿಗೆ ಹೋಗುತ್ತದೆ, ಅದಕ್ಕೆ ಮೊದಲು ಯಾರಾದರೂ ಒಂದು ಸಾಲು ಬರೆಯಿರಿ.