ಹದಿನಾರು ವರ್ಷದ ನಂತರ ಮತ್ತೆ ಟೆಸ್ಟರ್ ಹಿಡಿಯಬಹುದಾ?

ಕಳೆದ ವಾರ ಅಂಕೋಲಾ ಕಡೆಯ ಓದುಗರೊಬ್ಬರು ತಮ್ಮ ಪೇಚಾಟ ಬರೆದಿದ್ದರು. 1997ರಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಐಟಿಐ ಮುಗಿಸಿ 2009ರವರೆಗೆ ಮನೆ ವೈರಿಂಗ್ ಮಾಡಿಕೊಂಡಿದ್ದವರು. ಅಪ್ಪ ಹಾಸಿಗೆ ಹಿಡಿದ ಮೇಲೆ ಕಸುಬು ಬಿಟ್ಟು ಊರಲ್ಲೇ ಕಿರಾಣಿ ಅಂಗಡಿ ಇಟ್ಟರು. ಈಗ ಅಪ್ಪ ಇಲ್ಲ, ಅಂಗಡಿಯಲ್ಲಿ ಗಿರಾಕಿಯೂ ಇಲ್ಲ. ವಯಸ್ಸು 47. ವೈರ್‌ಮನ್ ಪರ್ಮಿಟ್ ನವೀಕರಿಸದೆ ಯಾವ ಕಾಲವೋ ಆಯಿತು. ‘ಎಲ್ಲ ಮೊದಲಿನಿಂದ ಕಲಿಯಬೇಕಾ? ಸೋಲಾರ್ ಕೆಲಸಕ್ಕೆ ಇಳಿಯಬಹುದಾ?’ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಣ್ಣ, ನಿಮ್ಮ ಪತ್ರ ಓದಿ ನನ್ನದೇ ಕಥೆ ಅನಿಸಿತು. ನಾನು ವೈರಿಂಗ್ ಬಿಟ್ಟು ಹನ್ನೊಂದು ವರ್ಷ ಮಸ್ಕತ್‌ನಲ್ಲಿ ಡ್ರೈವರ್ ಆಗಿದ್ದೆ. ಬಂದ ಮೇಲೆ ಹಳೆಯ ಇಕ್ಕಳಕ್ಕೆ ಎಣ್ಣೆ ಬಿಟ್ಟು ಒರೆಸಿಕೊಂಡು ಕೆಲಸಕ್ಕೆ ಇಳಿದೆ. ಮೊದಲ ಮನೆಯಲ್ಲೇ ಮಾನ ಹೋಯಿತು.

ಮಾಳಿಗೆ ಮನೆ. ಕೆಳಗೊಂದು, ಮೇಲೊಂದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. ಮೆಟ್ಟಿಲ ದೀಪಕ್ಕೆ ಫೇಸ್ ಕೆಳಗಿನ ಬೋರ್ಡಿನಿಂದ ಎಳೆದೆ. ನ್ಯೂಟ್ರಲ್ ಮೇಲಿನದ್ದು ಹತ್ತಿರ ಸಿಕ್ಕಿತು, ಅದಕ್ಕೇ ಸೇರಿಸಿದೆ. ಕಿಟ್‌ಕ್ಯಾಟ್ ಫ್ಯೂಸಿನ ಕಾಲದಲ್ಲಿ ಹಾಗೆ ಮಾಡಿದರೂ ದೀಪ ಉರಿಯುತ್ತಿತ್ತು, ಅಲ್ವಾ? ಇಲ್ಲಿ ಸ್ವಿಚ್ ಒತ್ತಿದ ಕೂಡಲೇ ಟಪ್ ಅಂತ ಕರೆಂಟ್ ಹೋಯಿತು. ಮತ್ತೆ ಎತ್ತಿದೆ, ಮತ್ತೆ ಟಪ್. ಇಡೀ ಮಧ್ಯಾಹ್ನ ಎಲ್ಲಿ ಲೀಕ್ ಆಗುತ್ತಿದೆ ಎಂದು ಪೈಪು ಪೈಪು ತಡಕಿದೆ. ಮನೆಯೊಡತಿ ಎರಡು ಸಲ ಚಹಾ ಕೊಟ್ಟರು, ಮೂರನೇ ಸಲ ಬರೀ ಬಂದು ನೋಡಿ ಹೋದರು. ಸಂಜೆ ಗುತ್ತಿಗೆದಾರರ ಹುಡುಗ ಬಂದು, ‘ಮಾಮ, ಇಲ್ಲಿಂದ ಹೋದ ಕರೆಂಟು ಇದೇ ದಾರಿಯಲ್ಲಿ ವಾಪಸ್ ಬರಬೇಕು’ ಅಂದ.

ಆರ್‌ಸಿಸಿಬಿ ಮಾಡುವುದು ಇದೊಂದೇ ಲೆಕ್ಕ. ಫೇಸಿನಲ್ಲಿ ಹೋದದ್ದು, ನ್ಯೂಟ್ರಲ್‌ನಲ್ಲಿ ಬಂದದ್ದು ಎರಡೂ ಸಮ ಇರಬೇಕು. ಮನೆಗೆ ಹಾಕುವುದು 30 ಮಿಲಿಆಂಪಿನದು. ಅಷ್ಟು ವ್ಯತ್ಯಾಸ ಬರುವುದರೊಳಗೆ ಬೀಳುತ್ತದೆ. 9 ವ್ಯಾಟಿನ ಬಲ್ಬ್ ಎಳೆಯುವುದೇ ಸುಮಾರು 40 ಮಿಲಿಆಂಪ್. ನನ್ನ ಬಲ್ಬಿನ ಕರೆಂಟೆಲ್ಲ ಮೇಲಿನ ದಾರಿ ಹಿಡಿದರೆ ಕೆಳಗಿನದು ಸುಮ್ನೆ ಇರುತ್ತದಾ?

ಹೊಸದು ಕಲಿಯುವುದಕ್ಕಿಂತ ಕೈಗೆ ಅಂಟಿದ ಚಾಳಿ ಬಿಡುವುದೇ ಕಷ್ಟ ಅಣ್ಣ. ನಾನು ಆ ಹುಡುಗನ ಕೈಕೆಳಗೇ ಐದು ತಿಂಗಳು ಪೈಪ್ ಹೊತ್ತೆ. ಕೂಲಿ ಕಡಿಮೆ, ನಾಚಿಕೆ ಜಾಸ್ತಿ. ನೀವೂ ಹಾಗೇ ಶುರು ಮಾಡಿ.
— ವೈರ್‌ಮನ್, ಹೊನ್ನಾವರ

ನೀವು ಎರಡು ಕಾಗದಗಳನ್ನು ಒಂದೇ ಎಂದುಕೊಂಡು ಹೆದರಿದ್ದೀರಿ. ಐಟಿಐ ಸರ್ಟಿಫಿಕೇಟಿಗೆ ಅವಧಿ ಎಂಬುದಿಲ್ಲ. 1997ರದ್ದು ಇವತ್ತಿಗೂ ನಡೆಯುತ್ತದೆ, ಮತ್ತೆ ಎರಡು ವರ್ಷ ಕ್ಲಾಸಿನಲ್ಲಿ ಕೂರಬೇಕಿಲ್ಲ. ಅವಧಿ ಮುಗಿಯುವುದು ಪರ್ಮಿಟ್ಟಿಗೆ. ಅದನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕರೆಂಟ್ ಕೊಡುವ ಹೆಸ್ಕಾಂನ ಕೌಂಟರಿನಲ್ಲಿ ಹೋಗಿ ನಿಂತರೆ ಬಸ್ ಚಾರ್ಜು ದಂಡ. ನೀವು ಕಲಿಯುವಾಗ ಕೆಇಬಿ ಇತ್ತು, ಹೆಸ್ಕಾಂ ಆದದ್ದು 2002ರಲ್ಲಿ. ನಮ್ಮ ಜನ ಇನ್ನೂ ‘ಕೆಇಬಿಯವರು’ ಅನ್ನುವುದರಿಂದ ಈ ಗೊಂದಲ. ಹಳೆಯ ಪರ್ಮಿಟ್ ಹರಿದಿದ್ದರೂ ಎಸೆಯಬೇಡಿ. ಅದನ್ನೂ ಐಟಿಐ ಮೂಲ ಪ್ರತಿಯನ್ನೂ ಹಿಡಿದುಕೊಂಡು ಹೋಗಿ, ನವೀಕರಣವೋ ಹೊಸ ಅರ್ಜಿಯೋ ಎಂದು ಕೇಳಿ. ನಿಮ್ಮದೇ ಹೆಸರಿನಲ್ಲಿ ಮನೆ ವೈರಿಂಗ್ ಒಪ್ಪಿಕೊಂಡು ಕನೆಕ್ಷನ್ ಕೊಡಿಸಬೇಕೆಂದರೆ ವೈರ್‌ಮನ್ ಪರ್ಮಿಟ್ ಸಾಲದು, ಗುತ್ತಿಗೆದಾರರ ಲೈಸೆನ್ಸ್ ಬೇಕು. ಸದ್ಯಕ್ಕೆ ಆ ಆಸೆ ಬೇಡ.

ಅರ್ಥಿಂಗ್ ಅಳೆಯುವುದನ್ನು ಮಾತ್ರ ಗಟ್ಟಿಯಾಗಿ ಕಲಿತುಕೊಳ್ಳಿ. ಟೆಸ್ಟ್ ಲ್ಯಾಂಪ್ ಹೊತ್ತಿತು, ಅರ್ಥ್ ಚೆನ್ನಾಗಿದೆ ಎನ್ನುವ ಕಾಲ ಹೋಯಿತು. ನಮ್ಮ ಕರಾವಳಿಯ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆಯ ರೀಡಿಂಗ್ ಕೊಡುತ್ತದೆ, ಮೇ ತಿಂಗಳಲ್ಲಿ ಒಣಗಿ ಕೈಕೊಡುತ್ತದೆ. ಅಳೆಯುವುದಾದರೆ ಬೇಸಿಗೆಯಲ್ಲೇ ಅಳೆಯಿರಿ.

ಸೋಲಾರ್ ಬಗ್ಗೆಯೂ ಕೇಳಿದ್ದೀರಿ. 2024ರ ಸೂರ್ಯಘರ್ ಯೋಜನೆ ಬಂದ ಮೇಲೆ ಚಾವಣಿ ಕೆಲಸ ಇದೆ, 3 ಕಿಲೋವ್ಯಾಟಿಗೆ ಮನೆಯವರಿಗೆ 78,000 ರೂಪಾಯಿ ಸಬ್ಸಿಡಿ. ಆದರೆ ಅದು ಡಿಸಿ, ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್. ಕಿಡಿ ಹತ್ತಿದರೆ ಮನೆಯ ಎಸಿ ಕರೆಂಟಿನ ಹಾಗೆ ತಾನೇ ಆರುವುದಿಲ್ಲ. ಮೇನ್ ಇಳಿಸಿದರೂ ಬಿಸಿಲಿರುವ ತನಕ ಪ್ಯಾನೆಲ್ಲಿನ ವೈರಿನಲ್ಲಿ ಕರೆಂಟ್ ಇರುತ್ತದೆ. ತರಬೇತಿ ಇಲ್ಲದೆ ಮುಟ್ಟಬೇಡಿ.
— ನಿವೃತ್ತ ಐಟಿಐ ಬೋಧಕ, ಕಾರವಾರ

ಅಂಗಡಿ ಮುಚ್ಚಬೇಡಿ ಮಾರಾಯ್ರೆ. ಅಕ್ಕಿ ಬೇಳೆಯ ಒಂದು ಸಾಲು ತೆಗೆದು ಹೋಲ್ಡರ್, ಎಂಸಿಬಿ, ಇನ್ಸುಲೇಶನ್ ಟೇಪ್ ಇಡಿ. ಬಲ್ಬ್ ಒಯ್ಯಲು ಬಂದವರೇ ‘ಹಾಕಲಿಕ್ಕೆ ಯಾರಾದ್ರೂ ಇದ್ದಾರಾ’ ಎಂದು ಕೇಳುತ್ತಾರೆ. ನನ್ನ ಅರ್ಧ ಕೆಲಸ ಹಾಗೇ ಬರುವುದು. ಉಪ್ಪು ಗಾಳಿಗೆ ಸಮುದ್ರದ ಬದಿಯ ಮನೆಗಳಲ್ಲಿ ಸ್ವಿಚ್ಚಿನ ತಾಮ್ರಕ್ಕೆ ಹಸಿರು ಕಿಲುಬು ಕಟ್ಟುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ರಿಪೇರಿಗೆ ಬರಗಾಲ ಇಲ್ಲ.
— ಎಲೆಕ್ಟ್ರಿಕಲ್ ಅಂಗಡಿಯವ, ಕುಮಟಾ

ನಮ್ಮದು ಶಿರಸಿಯಿಂದ ಒಳಗೆ, ತೋಟದ ಮನೆ. ಅಟ್ಟದ ಮೇಲೆ ಮಾವನ ಕಾಲದ ವೈರಿಂಗ್ ಇದೆ, ಮರದ ಪಟ್ಟಿ, ತಗಡಿನ ಕ್ಲಿಪ್ಪು. ಬಂದ ಹುಡುಗರೆಲ್ಲ ಮೊಬೈಲ್ ಟಾರ್ಚ್ ಬಿಟ್ಟು ಮೇಲೆ ನೋಡುತ್ತಾರೆ, ‘ಅಕ್ಕ, ಎಲ್ಲ ಕಿತ್ತು ಹೊಸದು ಮಾಡಿ’ ಅನ್ನುತ್ತಾರೆ, ಹೋಗುತ್ತಾರೆ. ಒಮ್ಮೆಗೇ ಅಷ್ಟು ದುಡ್ಡು ಎಲ್ಲಿಂದ? ಇಲಿ ಕಡಿದದ್ದು ಎಲ್ಲಿ, ಈ ವರ್ಷ ಬದಲಿಸಲೇಬೇಕಾದದ್ದು ಯಾವುದು, ಮುಂದಿನ ವರ್ಷಕ್ಕೆ ತಡೆಯುವುದು ಯಾವುದು ಎಂದು ನೋಡಿ ಹೇಳುವವರು ಬೇಕು. ಆ ಮರದ ಪಟ್ಟಿ ಹೊಡೆದ ಕೈಯವರಿಗೇ ಅದು ಗೊತ್ತಾಗುವುದು. ದೇವಿಮನೆ ಘಟ್ಟ ಹತ್ತಿ ಬರುವುದು ನಿಮಗೆ ದೂರವೇ. ಆದರೂ ಪರ್ಮಿಟ್ ಆದ ಮೇಲೆ ಇಲ್ಲಿಗೇ ಒಂದು ಸಾಲು ಬರೆದು ಹಾಕಿ, ಮಳೆ ಹಿಡಿಯುವ ಮೊದಲು ಒಮ್ಮೆ ಬಂದು ಅಟ್ಟ ನೋಡಿ. ಏಣಿ ನಮ್ಮಲ್ಲಿದೆ, ಊಟವೂ ಇಲ್ಲೇ.
— ಗೃಹಿಣಿ, ಶಿರಸಿ ತಾಲ್ಲೂಕು