ಮಂತ್ರದ ಕಂಡಿಷನ್ ಬಾಕ್ಸ್‌ನಲ್ಲೋ, ಸ್ಕ್ರಿಪ್ಟ್‌ನಲ್ಲೋ? ಅನುಭವ ಇದ್ದವರು ಹೇಳಿ

ಬಿಜೈ ಹುಡುಗ: ಸ್ಕೈರಿಮ್ ವಿಡಿಯೋ ಗೇಮ್‌ಗೆ ಮಾಡ್ (ಆಟಕ್ಕೆ ನಾವೇ ಸೇರಿಸುವ ಭಾಗ) ಮಾಡ್ತಿದ್ದೇನೆ. ಮಳೆಯಲ್ಲಿ ನಿಂತರೆ ಮಾತ್ರ ಗಾಯ ಮಾಗುವ ಮಂತ್ರ. ಈ ಚೆಕ್ ಕ್ರಿಯೇಶನ್ ಕಿಟ್‌ನ (ಮಾಡ್ ಮಾಡುವ ಸಾಫ್ಟ್‌ವೇರ್) ಕಂಡಿಷನ್‌ನಲ್ಲೇ, ಅಂದರೆ ಷರತ್ತು ತುಂಬುವ ಬಾಕ್ಸ್‌ನಲ್ಲೇ ಹಾಕಲಾ, ಪಪೈರಸ್ (ಆಟದ ಕೋಡ್ ಭಾಷೆ) ಸ್ಕ್ರಿಪ್ಟ್ ಬರೆಯಲಾ?

ಸುರತ್ಕಲ್: ಸ್ಕ್ರಿಪ್ಟ್ ಬೇಡವೇ ಬೇಡ. ನಾನು 140 ಗಂಟೆ ಆಡಿದ ಸೇವ್ ಕಳೆದುಕೊಂಡಿದ್ದೇನೆ. ಕತ್ತಲಲ್ಲಿ ಕಣ್ಣು ಚುರುಕಾಗುವ ಮಂತ್ರ ಅದು. ಕ್ವೆಸ್ಟ್ ಸ್ಕ್ರಿಪ್ಟ್‌ನಲ್ಲಿ ರಿಜಿಸ್ಟರ್‌ಫಾರ್‌ಅಪ್‌ಡೇಟ್ (ಮತ್ತೆ ಮತ್ತೆ ಓಡಿಸುವ ಆಜ್ಞೆ) ಹಾಕಿ 0.1 ಸೆಕೆಂಡಿಗೊಮ್ಮೆ ಚೆಕ್ ಮಾಡಿಸಿದ್ದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ರಾಶಿ ಬಿತ್ತು. ಮಾಡ್ ತೆಗೆದರೂ ಸೇವ್ ಒಳಗೆ ಅದು ಉಳಿದೇ ಇತ್ತು. ಲಾಗ್ ತುಂಬಾ ಒಂದೇ ಎರರ್. ಆಟಿ ಮಳೆಗೆ ಮೂರು ಭಾನುವಾರ ಅದರ ಮುಂದೆಯೇ ಕೂತೆ, ಸರಿಯಾಗಲಿಲ್ಲ.

ಕದ್ರಿ: ತಪ್ಪು ಸ್ಕ್ರಿಪ್ಟ್‌ನದ್ದಲ್ಲ ಮಾರಾಯ್ರೆ, ನಿಮ್ಮದು. ರಿಜಿಸ್ಟರ್‌ಫಾರ್‌ಸಿಂಗಲ್‌ಅಪ್‌ಡೇಟ್ (ಒಂದೇ ಸಲ ಓಡಿಸುವ ಆಜ್ಞೆ) ಇರುವುದು ಎಂತಕ್ಕೆ? ಮಾಡ್ ತೆಗೆದರೆ ಅದು ತಾನಾಗಿ ನಿಲ್ಲುತ್ತದೆ. ಕಂಡಿಷನ್ ಸುಮಾರು ಸೆಕೆಂಡಿಗೊಮ್ಮೆ ಮಾತ್ರ ನೋಡುವುದು. ನನ್ನ ಗುರಾಣಿ ಮಂತ್ರ ಏಟು ಬಿದ್ದ ಮೇಲೆ ಏಳುತ್ತಿತ್ತು. ಸ್ಕ್ರಿಪ್ಟ್‌ನ ಆನ್‌ಹಿಟ್‌ನಲ್ಲಿ (ಏಟು ಬಿದ್ದಾಗ ಓಡುವ ಭಾಗ) ಬರೆದೆ, ಈಗ ಕೂಡಲೇ ಏಳುತ್ತದೆ. ಅದಕ್ಕೆ ಎರಡು ತಿಂಗಳು ಹೋಯಿತು, ಬೇಜಾರಿಲ್ಲ.

ಸುರತ್ಕಲ್: ಸೇವ್ ಕಳೆದುಕೊಂಡವನಿಗೆ ಪಾಠ ಹೇಳುವುದು ಸುಲಭ. 2012ರಲ್ಲಿ ಕಿಟ್ ಬಂದಾಗ ಇದನ್ನೆಲ್ಲ ಹೇಳಿಕೊಡುವವರು ಯಾರಿದ್ದರು?

ಕಾಪು: ಕಂಡಿಷನ್‌ನಲ್ಲೇ ನನ್ನ ಹತ್ತು ದಿನ ಹೋಯಿತು. ನಾನು ಹಾಕಿದ್ದು: ರಾತ್ರಿ ಅಂಡ್ (ಮತ್ತು) ಅಡಗಿದ್ದಾನೆ ಆರ್ (ಅಥವಾ) ಆರೋಗ್ಯ ಅರ್ಧಕ್ಕಿಂತ ಕಮ್ಮಿ. ಮೊದಲ ಎರಡು ಒಟ್ಟಿಗೆ, ಇಲ್ಲದಿದ್ದರೆ ಮೂರನೆಯದು, ಅಂತ ನನ್ನ ಲೆಕ್ಕ. ಆದರೆ ಇಲ್ಲಿ ಆರ್ ಮೊದಲು ಗಂಟು ಬೀಳುತ್ತದೆ. ರಾತ್ರಿ ಇರಲೇಬೇಕು, ಜೊತೆಗೆ ಉಳಿದೆರಡರಲ್ಲಿ ಒಂದು. ಹಗಲಲ್ಲಿ ಸಾಯುತ್ತಿದ್ದರೂ ಮಂತ್ರ ಏಳಲಿಲ್ಲ. ಇನ್ನೊಂದು, ಆರೋಗ್ಯ ಎಷ್ಟು ಉಳಿದಿದೆ ಅಂತ ಹೇಳುವ ಗೆಟ್‌ಆಕ್ಟರ್‌ವ್ಯಾಲ್ಯೂಪರ್ಸೆಂಟ್ ಕೊಡುವುದು 0ಯಿಂದ 1. ನಾನು 50 ಅಂತ ಬರೆದಿದ್ದೆ. 50ಕ್ಕಿಂತ ಕಮ್ಮಿ ಯಾವಾಗಲೂ ಇರುತ್ತದಲ್ವಾ? 0.5 ಹಾಕಬೇಕಿತ್ತು. ಆ ಒಂದು ಚುಕ್ಕೆಗೆ ಮೂರು ರಾತ್ರಿ.

ಕದ್ರಿ: ಅದು ಕಿಟ್‌ನ ಪುಟದಲ್ಲೇ ಉಂಟು. ಓದಬೇಕು.

ಕಾಪು: ಓದಿಯೇ ಸರಿ ಮಾಡಿದ್ದು. ನಿಮ್ಮ ಗುರಾಣಿಯನ್ನು ನಾನು ಹಾಕಿ ನೋಡಿದ್ದೇನೆ, ನಾಲ್ಕು ಜನ ಒಟ್ಟಿಗೆ ಹೊಡೆದರೆ ಆಟ ಎಳೆಯುತ್ತದೆ.

ಕದ್ರಿ: ಅದು ಹಳೆಯದು. ಹೊಸತರಲ್ಲಿ ಏಟು ಬಿದ್ದ ಕೂಡಲೇ ಸ್ಕ್ರಿಪ್ಟ್ ಬಿಜಿ ಸ್ಟೇಟ್‌ಗೆ (ಬೇರೆ ಏಟಿಗೆ ಓಡದ ಸ್ಥಿತಿಗೆ) ಹೋಗುತ್ತದೆ, ಎರಡನೇ ಏಟು ಲೆಕ್ಕಕ್ಕಿಲ್ಲ. ನೋಡದೆ ಮಾತಾಡಬೇಡಿ.

ಮಣಿಪಾಲ: ಮಂತ್ರಕ್ಕೆ ಕನ್ನಡ ಹೆಸರು ಇಟ್ಟವರು ಇದ್ದೀರಾ? ನನಗೆ ಬರೀ ಚೌಕಗಳು ಕಾಣುತ್ತವೆ.

ಸುರತ್ಕಲ್: ಆಟದ ಫಾಂಟ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ. ನಾನು ಬೇರೆ ಫಾಂಟ್ ತುರುಕಿ ನೋಡಿದೆ, ಒತ್ತಕ್ಷರ ಪಕ್ಕಕ್ಕೆ ಬಂದು ಕೂತಿತು. ಅದಕ್ಕೆ ಇನ್ನೊಂದು ಭಾನುವಾರ.