ಜಡ್ಡಿ ಮರದ ಬೀಜ ಒಂದೂ ಹುಟ್ಲಿಲ್ಲ, ಏನ್ ತಪ್ಪಾಯ್ತು?

ಕಾನಂಚು:
ನಮ್ದು ಸಿದ್ದಾಪುರ ಕಡೆ. ತೋಟದ ಮೇಲ್ಗಡೆ ಸಣ್ಣ ಜಡ್ಡಿ (ಕಾಡಿನೊಳಗಿನ ಜೌಗು) ಇದೆ, ಬೇಸಿಗೇಲೂ ನೀರು ಆರಲ್ಲ, ಮಂಡಿ ಮಡಚಿದ ಹಾಗೆ ಬೇರು ಮೇಲೆದ್ದಿರೋ ಮರ ಏಳೆಂಟಿವೆ, ನಾವು ರಾಮಪತ್ರೆ ಅಂತೀವಿ. ಬೀಜ ಒಂದು ನೂರು ಆರಿಸಿ, ಬೀಜಕ್ಕೆ ಸುತ್ಕೊಂಡಿರೋ ಪತ್ರೆ ಬಿಡಿಸಿ, ಚೆನ್ನಾಗಿ ಒಣಗಿಸಿ ಡಬ್ಬಿಲಿ ಇಟ್ಟಿದ್ದೆ, ಮಳೆ ಹಿಡಿದ್ಮೇಲೆ ಪ್ಯಾಕೆಟ್‌ಗೆ ಹಾಕಿದ್ರೆ ಒಂದೂ ಇಲ್ಲ. ಸೀಡ್ ಬ್ಯಾಂಕಲ್ಲಿ ವರ್ಷಗಟ್ಲೆ ಇಡ್ತಾರಲ್ವಾ, ಹೇಗೆ?

ಹಸಿಮರಳು:
ಒಣಗಿಸಿದ್ದೇ ತಪ್ಪು ಮಾರಾಯ್ರೆ. ಇದು ಭತ್ತ ರಾಗಿ ಥರ ಅಲ್ಲ, ತೇವ ಹೋದ್ರೆ ಬೀಜ ಸತ್ತೇ ಹೋಗುತ್ತೆ, ಹಾಗಾಗಿ ಮಾಮೂಲಿ ಸೀಡ್ ಬ್ಯಾಂಕಲ್ಲಿ ಒಣಗಿಸಿ ತಣ್ಣಗಿಡೋ ಲೆಕ್ಕ ಇದಕ್ಕೆ ನಡೆಯಲ್ಲ. ಬಿದ್ದ ಹಣ್ಣು ಹಸಿಯಿದ್ದಾಗ್ಲೇ ತಂದು, ಪತ್ರೆ ತೆಗೆದು, ಅವತ್ತೇ ನೆರಳಲ್ಲಿ ಒದ್ದೆ ಮರಳಿಗೆ ಹಾಕಿ. ಎಲ್ಲಾನೂ ಬಳ್ಕೊಂಡು ಬರ್ಬೇಡಿ, ಅಲ್ಲೂ ನಾಲ್ಕು ಹುಟ್ಲಿ.

ಗೇರುಗುಡ್ಡೆ:
ಮಂಡಿ ಬೇರು ಅಂದ್ರೆ ಅದು ಜಿಮ್ನಾಕ್ರಾಂಥೆರಾ ಕನಾರಿಕಾ ಇರ್ಬಹುದು, ಫೋಟೋ ಹಾಕಿ. ಈ ಜಾಯಿಕಾಯಿ ಕುಟುಂಬದಲ್ಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ, ಹಣ್ಣು ಬಿಡಲ್ಲ ಅಂತ ಗಂಡು ಮರ ಕಡಿದ್ರೆ ಮುಗೀತು ಕತೆ. ನಮ್ಮ ಸಿದ್ದಾಪುರ ಕಡೆಯ ಕತ್ತಲೆಕಾನು ಕಾಡಿನ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನೋ ಮರದ್ದೂ ಇದೇ ಪಾಡು, ಗೇರಿನ ಕುಟುಂಬದ್ದು, 2000ದಲ್ಲಷ್ಟೇ ಹೆಸರಿಟ್ಟಿದ್ದು, ಇರೋದೇ ಕೆಲವು ಜಡ್ಡಿಲಿ. ಶಿರಸಿ ಅರಣ್ಯ ಕಾಲೇಜಿನವ್ರು ಅದರ ಸಸಿ ಮಾಡಿದ್ದಾರೆ, ಒಮ್ಮೆ ಅಲ್ಲಿ ಹೋಗಿ ಕೇಳಿ, ಆನ್‌ಲೈನಲ್ಲಿ ನಮ್ಮನ್ನ ಕೇಳೋದಕ್ಕಿಂತ ವಾಸಿ 😄

ಒರತೆ:
ಸಸಿ ಎಲ್ಲಾ ಸರಿ, ನೀರಿನ ಸುದ್ದಿ ಯಾರೂ ಎತ್ತಲ್ಲ ನೋಡಿ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಸುಮಾರು 300 ಚದರ ಕಿಲೋಮೀಟರ್ ಮಾಡಿದ್ರು, 2019ರಲ್ಲಿ ಶರಾವತಿ ಅಭಯಾರಣ್ಯಕ್ಕೆ ಸೇರಿಸಿದ್ರು, ಒಳ್ಳೇದೇ ಆಯ್ತು, ಕತ್ತಲೆಕಾನು ಉಳಿಯುತ್ತೆ. ಆದ್ರೆ ನಮ್ಮನಿಮ್ಮ ತೋಟದ ತಲೆ ಮೇಲಿರೋ ಇಂಥ ಚೂರುಪಾರು ಜಡ್ಡಿಗಳು ಯಾವ ನಕ್ಷೇಲಿದಾವೆ? ಹಿಂದೆ ಗದ್ದೆ ತೋಟ ಮಾಡೋಕೆ ಎಷ್ಟೋ ಜಡ್ಡಿ ಹೋಯ್ತು, ಈಗ ಕಾಲುವೆ ತೋಡಿಯೋ ಪೈಪ್ ಹಾಕಿಯೋ ನೀರಿಳಿಸಿದ್ರೆ ಮರ ನಿಂತಲ್ಲೇ ನಿಂತಿದ್ರೂ ಕೆಳಗೆ ಮರಿ ಏಳಲ್ಲ. ಕಾನಂಚು ಅವ್ರೇ, ನಿಮ್ಮ ಜಡ್ಡಿಗೆ ಪೈಪ್ ಇದ್ಯಾ?

ಕಾನಂಚು:
ಇದೆ, ಒಂದೂವರೆ ಇಂಚಿಂದು 😐 ಅಡಕೆಗೆ ಬೇಸಿಗೇಲಿ ಅದೇ ಆಧಾರ. ಈಗ ನೆನಪು ಮಾಡ್ಕೊಂಡ್ರೆ ಬುಡದಲ್ಲಿ ಸಣ್ಣ ಗಿಡ ನೋಡಿದ ನೆನಪೇ ಇಲ್ಲ. ಬೀಜ ಮುಂದಿನ ವರ್ಷ ಹಸಿದೇ ಹಾಕ್ತೀನಿ. ಪೈಪಿಂದು ಅಪ್ಪನ ಹತ್ರ ಮಾತಾಡ್ಬೇಕು, ಅದು ಬೀಜ ಹುಟ್ಸೋದಕ್ಕಿಂತ ಕಷ್ಟ.